ಕೆಂದನ ಸೋಮವಾರ

ಕೊಪ್ಪ
೮ ನವೆಂಬರ್ ೧೯೭೩, ಗುರುವಾರ

ತಮ್ಮ ಜಯಶೀಲನಿಗೆ, ಹೊಗೆ ಹಿಡಿದ ಕೈಯಿಂದ ಕರುಣಕ್ಕ ಬರೆಯುವುದು.

ಜುಲೈನಲ್ಲಿ ನಿನ್ನ ಭಾವನನ್ನು ಮಣ್ಣು ಮಾಡಿದ ದಿನ ನೀನು ಬಂದೆ, ಸಮಾಧಿಯ ಹತ್ತಿರ ಪ್ರಾರ್ಥನೆ ಮಾಡಿದೆ, ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಬಸ್ಸಿಗೆ ಓಡಿದೆ. ಹಲಗೂರಿನಲ್ಲಿ ಯಾರೋ ಕಾಯಿಲೆಯವರು ಕಾಯುತ್ತಿದ್ದರಂತೆ. ಆ ಲೋಟವನ್ನು ನಾನು ಸಂಜೆಯವರೆಗೆ ತೊಳೆಯದೆ ಹಾಗೇ ಇಟ್ಟಿದ್ದೆ. ಉಳಿದ ಅರ್ಧ ಲೋಟ ಕುಡಿಯುವಷ್ಟು ಹೊತ್ತು ದೇವರು ಮಳವಳ್ಳಿ ತಾಲ್ಲೂಕನ್ನು ಒಬ್ಬನೇ ನೋಡಿಕೊಳ್ಳುತ್ತಿರಲಿಲ್ಲವೇನೋ. ಇರಲಿ, ಪಾದ್ರಿಯ ಮೇಲೆ ಜಗಳಕ್ಕೆ ಬರೆಯುತ್ತಿಲ್ಲ. ಒಂದು ಅಪ್ಪಣೆ ಕೇಳಲು ಬರೆಯುತ್ತಿದ್ದೇನೆ.

ಈ ವರ್ಷ ಆಲೆಮನೆಗೆ ನಾನೇ ನಿಂತು ಬೆಂಕಿ ಹಾಕಿಸಿದೆ. ಕೊಪ್ಪರಿಗೆಯ ಪಕ್ಕದಲ್ಲಿ ಹೆಂಗಸು ನಿಂತು ಪಾಕ ನೋಡುವುದನ್ನು ಕಂಡು ಊರಿನವರು ಮೊದಲ ವಾರ ನಕ್ಕರು. ಎರಡನೇ ವಾರ ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಾದರು. ಬೆಲ್ಲ ಚೆನ್ನಾಗಿಯೇ ಬರುತ್ತಿದೆ. ಬರದೆ ಇರುವುದು ಕಬ್ಬು.

ನಮ್ಮ ಮಾವನ ಕಟ್ಟಳೆ ನಿನಗೆ ಗೊತ್ತು. ದೀಕ್ಷಾಸ್ನಾನ ಪಡೆದ ವರ್ಷ ಅವರು ಮಾತು ಕೊಟ್ಟರು: ಶನಿವಾರ ಸಂಜೆ ಒಲೆ ಆರಬೇಕು, ಭಾನುವಾರ ಹೊಗೆಗೂಡಿನಲ್ಲಿ ಹೊಗೆ ಕಾಣಬಾರದು. ಅಂದಿನಿಂದ ಇದಕ್ಕೆ ಭಾನುವಾರದ ಆಲೆಮನೆ ಎಂದೇ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಅದು ಬಲು ಇಷ್ಟವಾಗಿತ್ತು. ಗಾಣ ನಿಂತರೆ ನಾಲೆಯ ನೀರು ಹರಿಯುವುದು ಕೇಳುತ್ತಿತ್ತು. ಉಳಿದ ದಿನವೂ ಅದು ಹರಿಯುತ್ತಲೇ ಇರುತ್ತಿತ್ತು, ನಮಗೆ ಕೇಳುತ್ತಿರಲಿಲ್ಲ. ನಿನ್ನ ಭಾವ ಭಾನುವಾರ ಬೇಗ ಎದ್ದು ಚಪ್ಪರದಡಿ ಅದನ್ನು ಕೇಳುತ್ತಾ ಕೂರುತ್ತಿದ್ದರು. ಅದೇ ಅವರ ಮೊದಲ ಪ್ರಾರ್ಥನೆ.

ಆದರೆ ಈಗ ಸುತ್ತಲಿನ ಆಲೆಮನೆಗಳಲ್ಲಿ ಹಗಲು ರಾತ್ರಿ ಒಲೆ ಉರಿಯುತ್ತದೆ. ನಮ್ಮಲ್ಲಿ ಭಾನುವಾರ ಬೆಂಕಿಯಿಲ್ಲ. ಸೋಮವಾರ ಬೆಂಕಿ ಹಾಕೋಣವೆಂದರೆ ಗಾಡಿ ಹೊಡೆಯುವ ಜವರಯ್ಯ ಎತ್ತು ಕಟ್ಟುವುದಿಲ್ಲ, ಸೋಮವಾರ ಬಸವನ ದಿನ. ರಾಜ್ಯಕ್ಕೇ ಹೊಸ ಹೆಸರು ಬಂದರೂ ಜವರಯ್ಯನಿಗೆ ಹಳೆ ಸೋಮವಾರವೇ. ಮನುಷ್ಯರಿಗೆ ಒಂದು ದಿನ, ಎತ್ತಿಗೆ ಒಂದು ದಿನ ಎಂದು ಎರಡು ದಿನ ಒಲೆ ತಣ್ಣಗಿದ್ದರೆ ರೈತರು ಎಷ್ಟು ಅಂತ ಕಾಯುತ್ತಾರೆ? ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ಒಬ್ಬೊಬ್ಬರೇ ಬೇರೆ ಕಡೆಗೆ ಗಾಡಿ ತಿರುಗಿಸುತ್ತಿದ್ದಾರೆ. ಹೀಗೇ ಆದರೆ ಸುಗ್ಗಿ ಮುಗಿಯುವಷ್ಟರಲ್ಲಿ ಆಲೆಮನೆಯನ್ನು ಹನಕೆರೆಯ ಚಲುವರಾಜುವಿಗೆ ಗುತ್ತಿಗೆಗೆ ಕೊಡಬೇಕಾಗುತ್ತದೆ. ಅವನು ಈಗಾಗಲೇ ಎರಡು ಸಲ ಬಂದು ಕೊಪ್ಪರಿಗೆಯನ್ನು ತಟ್ಟಿ ನೋಡಿ ಹೋಗಿದ್ದಾನೆ. ಕೊಟ್ಟ ಮೇಲೆ ನಾನು ಯಾರ ಮನೆಯ ಮೂಲೆಯಲ್ಲಿ ಕೂರಲಿ?

ಈ ಒಂದು ಸುಗ್ಗಿಗೆ ಭಾನುವಾರ ಒಲೆ ಉರಿಸಲು ಅಪ್ಪಣೆ ಕೊಡು. ತಮ್ಮನಾಗಿ ಬೇಡ, ಪಾದ್ರಿಯಾಗಿ ಕೊಡು. ದೇವರ ಹತ್ತಿರ ನೀನು ಮಾತಾಡಿಕೋ.

ನಿನ್ನ ಅಕ್ಕ
ಕರುಣಾವತಿ

*

ಮಳವಳ್ಳಿ
೧೫ ನವೆಂಬರ್ ೧೯೭೩

ಅಕ್ಕ,

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ.

ಅಪ್ಪಣೆ ಕೊಡಲು ನಾನು ಯಾರು? ಅದು ದೇವರ ದಿನ. ನಿನ್ನ ಮಾವ ಕೊಟ್ಟ ಮಾತನ್ನು ಮುರಿಯಲು ಈ ಸುಗ್ಗಿ ಕಷ್ಟದ್ದು ಎಂದು ನೀನು ಹೇಳಿದರೆ ಮುಂದಿನ ಸುಗ್ಗಿಯೂ ಕಷ್ಟದ್ದೇ ಆಗುತ್ತದೆ. ದುಡಿದು ಉಳಿಸಿಕೊಳ್ಳುತ್ತೇವೆ ಎಂಬ ಭ್ರಮೆಯಿಂದ ನಮ್ಮನ್ನು ಬಿಡಿಸಲೆಂದೇ ಆ ದಿನವನ್ನು ಇಟ್ಟಿರುವುದು. ಒಲೆ ಹಚ್ಚಬೇಡ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ನನಗೂ ಇಲ್ಲಿ ಕೈತುಂಬ ಕೆಲಸ. ಭಾನುವಾರ ಮೂರು ಊರುಗಳಲ್ಲಿ ಆರಾಧನೆ, ವಾರದ ದಿನಗಳಲ್ಲಿ ಶಾಲೆ, ಮನೆಭೇಟಿ, ಸಭೆಯ ಕೊಯ್ಲಿನ ಹಬ್ಬದ ಓಡಾಟ. ಬಂಡೂರಿನ ಕಡೆ ಎರಡು ಕುಟುಂಬದವರು ಹೊಸದಾಗಿ ದೇವರ ವಾಕ್ಯ ಕೇಳುತ್ತಿದ್ದಾರೆ, ಅಲ್ಲಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ಸುಮ್ಮನೆ ಕೂತು ಯಾವ ಕಾಲವಾಯಿತೋ. ಕಾಫಿಯ ವಿಷಯಕ್ಕೆ ಕ್ಷಮಿಸು.

ಬಸ್ಸು ಬಂತು.

ಜಯಶೀಲ

*

ಕೊಪ್ಪ
೪ ಡಿಸೆಂಬರ್ ೧೯೭೩, ಮಂಗಳವಾರ

ಜಯ,

ಬಸ್ಸು ಬಾರದೆ ಇದ್ದಿದ್ದರೆ ಇನ್ನೆರಡು ಸಾಲು ಬೈಗುಳ ಹೆಚ್ಚಿಗೆ ಸಿಗುತ್ತಿತ್ತು. ನಿನ್ನ ಮಾತಿನಂತೆ ಭಾನುವಾರ ಒಲೆ ಹಚ್ಚಲಿಲ್ಲ. ಆದರೆ ನಾನೂ ನಮ್ಮಪ್ಪನ ಮಗಳೇ. ಭಾನುವಾರ ಆಗದಿದ್ದರೆ ಸೋಮವಾರ ಸರಿಮಾಡಿಕೊಂಡೆ.

ಜವರಯ್ಯನನ್ನು ಕರೆದು, ಇನ್ನು ಮೇಲೆ ಸೋಮವಾರವೂ ಗಾಡಿ ಕಟ್ಟಬೇಕು ಎಂದೆ. ಅವನು ತಲೆಗೆ ಸುತ್ತಿದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಅಮ್ಮಾರೆ, ಸ್ವಾಮಾರ ಬಸವನ ದಿನ. ನಮ್ ತಾತನ ಕಾಲ್ದಿಂದ ನೊಗ ಏರ್ಸಿಲ್ಲ" ಎಂದ.

"ಭಾನುವಾರ ನಾನು ಬಿಡ್ತೀನಲ್ಲ ಜವರಯ್ಯ. ಎರಡೆರಡು ದಿನ ಬಿಟ್ರೆ ಆಲೆಮನೆ ಉಳಿಯುತ್ತಾ?"

"ನೀವು ನಿಮ್ ದ್ಯಾವ್ರಿಗೆ ಬುಡ್ತೀರಿ. ಎತ್ತು ತನ್ ದ್ಯಾವ್ರಿಗೆ ಬುಡ್ತದೆ. ನಾ ಏನ್ ಮಾಡಾದು?"

"ಕಾರ್ಖಾನೆಗೆ ಕಬ್ಬು ಹೊಡೆಯೋರು ಸೋಮವಾರ ಗಾಡಿ ಕಟ್ಟಲ್ವಾ? ಆಗಲ್ಲ ಅಂದ್ರೆ ನಾನು ಬೇರೆ ಗಾಡಿ ನೋಡ್ಕೋತೀನಿ" ಎಂದೆ.

ಅವನು ಟವಲನ್ನು ಮತ್ತೆ ತಲೆಗೆ ಸುತ್ತಿಕೊಂಡು ಹೋದ. ಸೋಮವಾರ ಬೆಳಿಗ್ಗೆ ಬಂದ. ಚಿನ್ನ, ಕೆಂದ ಎರಡೂ ಎತ್ತುಗಳ ಕತ್ತಿನ ಕೆಳಗಿನ ಗಂಗೆದೊಗಲು ಸವರಿ, ಕೆಂದನ ಮುಂದೆ ನಿಂತು, "ತಪ್ಪಾಯ್ತು ಕಣ್ಲಾ ಮಗ" ಎಂದು ಕೈಮುಗಿದು ನೊಗ ಏರಿಸಿದ. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ. ಆಮೇಲೆ ಕಬ್ಬಿನ ಗಾಡಿ ಬಂತು, ಗಾಣ ತಿರುಗಿತು. ಕಬ್ಬಿನ ಹಾಲು ಕುದಿಯುವ ವಾಸನೆಗೆ ಎಲ್ಲವನ್ನೂ ಮರೆಸುವ ಶಕ್ತಿ ಇದೆ.

ಮದ್ದೂರಿನಿಂದ ಗಾಣದ ಎಂಜಿನ್ ರಿಪೇರಿಗೆ ಬಂದಿದ್ದ ನಜೀರ್ ಅಹ್ಮದ್ ಇದನ್ನೆಲ್ಲ ಕೇಳಿ ನಕ್ಕ. "ಅಕ್ಕಾ, ಭಾನುವಾರ ನಿಮ್ದು, ಸೋಮವಾರ ಎತ್ತಿಂದು, ಶುಕ್ರವಾರ ಮಧ್ಯಾಹ್ನ ನಂದು. ಬೆಲ್ಲ ಯಾವತ್ತು ಮಾಡ್ತೀರಿ?" ಎಂದ. ಸೋಮವಾರವೇ ಮಾಡ್ತೀವಿ ಎಂದೆ.

ಹೀಗೆ ನಿನ್ನ ಆಜ್ಞೆಯೂ ಉಳಿಯಿತು, ನನ್ನ ಆಲೆಮನೆಯೂ ಉಳಿಯುವ ಹಾಗಿದೆ. ಬಿಟ್ಟುಹೋಗಿದ್ದ ಇಬ್ಬರು ರೈತರು ವಾಪಸು ಬಂದಿದ್ದಾರೆ. ಭೇಷ್ ಅಂತ ಒಂದು ಕಾರ್ಡು ಬರೆ.

ಕರುಣಕ್ಕ

*

ಮಳವಳ್ಳಿ
೨೦ ಡಿಸೆಂಬರ್ ೧೯೭೩

ಅಕ್ಕನವರಿಗೆ ಸುಗುಣ ಮಾಡುವ ವಂದನೆಗಳು.

ಇದನ್ನು ಬರೆದಿರುವುದು ನಿಮ್ಮ ತಮ್ಮನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಿಮ್ಮ ಕಾಗದ ಬಂದ ದಿನ ಅವರು ಎರಡು ಸಲ ಓದಿದರು. ಏನಂತೆ ಎಂದು ಕೇಳಿದೆ. "ಅಕ್ಕ ಚೆನ್ನಾಗಿದ್ದಾಳೆ" ಎಂದು ಜೇಬಿಗೆ ಇಟ್ಟುಕೊಂಡರು. ಜುಬ್ಬ ಒಗೆಯಲು ತೆಗೆದಾಗ ಇನ್ನೂ ಅಲ್ಲೇ ಇತ್ತು. ಉತ್ತರ ಬರೆಯಲು ಕೂತರು, ಯಾರೋ ಬಂದು ಕರೆದರು, ಎದ್ದು ಹೋದರು.

ಹೋದ ವಾರ ಬಂಡೂರಿನಿಂದ ಬರುತ್ತಾ ಸೈಕಲ್ಲಿನಿಂದ ತಲೆಸುತ್ತಿ ಬಿದ್ದರು. ಕುರಿ ಕಾಯುವವರು ಎಬ್ಬಿಸಿ ನೀರು ಕೊಟ್ಟು ಮರದ ಕೆಳಗೆ ಕೂರಿಸಿದರಂತೆ. ಡಾಕ್ಟರು ಒಂದು ತಿಂಗಳು ಸುಮ್ಮನಿರಿ ಎಂದರು. ಇವರು ಕ್ರಿಸ್ಮಸ್ ಆಗಲಿ ಎಂದರು. ಮೊದಲು ಕೊಯ್ಲಿನ ಹಬ್ಬ ಆಗಲಿ ಎಂದಿದ್ದರು. ಕ್ರಿಸ್ಮಸ್ ಆದ ಮೇಲೆ ಇನ್ನೇನೋ ಇರುತ್ತದೆ.

ನಗಬೇಡಿ ಅಕ್ಕ. ಹೋದ ಭಾನುವಾರ ಅವರು ವಿಶ್ರಾಂತಿಯ ದಿನದ ಮೇಲೆ ಮೂರು ಊರುಗಳಲ್ಲಿ ಪ್ರಸಂಗ ಮಾಡಿದರು. ಮೂರನೆಯ ಊರಿನಲ್ಲಿ ನಿಲ್ಲಲಾಗದೆ ಕಂಬ ಹಿಡಿದುಕೊಂಡರು. ಜನ ಅದನ್ನು ಭಕ್ತಿ ಎಂದುಕೊಂಡರು.

ನನ್ನ ಮಾತು ಅವರು ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಅವರ ಕಿವಿ ಹಿಂಡಿದವರು ನೀವೊಬ್ಬರೇ ಇರುವುದು.

ನಿಮ್ಮ
ಸುಗುಣ

*

ಕೊಪ್ಪ
೧೦ ಜನವರಿ ೧೯೭೪, ಗುರುವಾರ

ಜಯ,

ಕೆಂದ ಬಿದ್ದಿದೆ.

ಸೋಮವಾರ ಕಬ್ಬಿನ ಗಾಡಿ ನಾಲೆ ಸೇತುವೆಯ ಏರು ಹತ್ತುವಾಗ ಅದರ ಹಿಂಗಾಲು ಜಾರಿತು. ಗಾಡಿಯ ಭಾರವೆಲ್ಲ ಅದರ ಮೇಲೆ ಬಂತು. ಜವರಯ್ಯ ನೊಗದ ಕಣ್ಣಿಹಗ್ಗ ಕತ್ತರಿಸಿ ಬಿಡಿಸಿದ. ಪಾಪದ ಪ್ರಾಣಿ ಕಾಲೆಳೆದುಕೊಂಡು ನಮ್ಮ ಆಲೆಮನೆಯ ಅಂಗಳದವರೆಗೆ ಬಂದು ಮಲಗಿತು. ಇನ್ನೂ ಎದ್ದಿಲ್ಲ. ಮದ್ದೂರಿನಿಂದ ದನದ ಡಾಕ್ಟರು ಬಂದು ನೋಡಿದರು. ಮೂಳೆ ಮುರಿದಿಲ್ಲ, ಮಾಂಸಖಂಡ ಜಜ್ಜಿದೆ, ಹುಲ್ಲು ಹಾಸಿ ಬೆಚ್ಚಗಿಡಿ, ಮಗ್ಗುಲು ಬದಲಿಸುತ್ತಾ ಇರಿ, ಈ ವಾರದೊಳಗೆ ಎದ್ದರೆ ಎದ್ದಿತು ಎಂದರು.  ಒಲೆಯ ಗೋಡೆಯ ಪಕ್ಕ ಹುಲ್ಲು ಹಾಸಿದ್ದೇವೆ. ಅಲ್ಲಿ ಬಿಸಿ ಇರುತ್ತದೆ.

ಜವರಯ್ಯ ನನ್ನನ್ನು ಒಂದು ಮಾತೂ ಬೈದಿಲ್ಲ. ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾನೆ. ಮುದ್ದೆ ಕೊಟ್ಟರೆ ತಿನ್ನುತ್ತಾನೆ. "ನಿಮ್ದೇನೈತೆ ಬುಡಿ ಅಮ್ಮಾರೆ" ಎನ್ನುತ್ತಾನೆ. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ನಿನ್ನೆ ಸಂಜೆ ಪ್ರಾರ್ಥನೆಗೆ ಕೂತು ಬೈಬಲಿನಲ್ಲಿ ಹತ್ತು ಆಜ್ಞೆಗಳನ್ನು ತೆಗೆದೆ. ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ತೆಗೆದದ್ದು, ಭಾನುವಾರವನ್ನಂತೂ ಕಾಪಾಡಿದ್ದೇನಲ್ಲ ಎಂದು. ಓದುತ್ತಾ ಹೋದೆ. ಆ ದಿನ ಯಾರು ಯಾರು ಕೆಲಸ ಮಾಡಬಾರದು ಎಂದು ದೇವರು ಒಬ್ಬೊಬ್ಬರನ್ನೇ ಹೆಸರಿಸುತ್ತಾನೆ. ನೀನು, ನಿನ್ನ ಮಗ, ಮಗಳು, ಮನೆಯ ಆಳು. ಆಮೇಲೆ ಎತ್ತು. ಜಯ, ಎತ್ತು ಅಂತ ಇದೆ. ಆಳಿನ ಪಕ್ಕದಲ್ಲೇ ಇದೆ. 

ಮಂಡ್ಯದ ಭಾನುವಾರದ ಶಾಲೆ ನಿನಗೆ ನೆನಪಿದೆಯಾ? ಒಂದೊಂದು ಆಜ್ಞೆಯ ಮೊದಲ ಸಾಲು ಬಾಯಿಪಾಠ ಒಪ್ಪಿಸಿದರೆ ಬಣ್ಣದ ಚಿತ್ರದ ಕಾರ್ಡು ಕೊಡುತ್ತಿದ್ದರು. ಕುರಿಮರಿಯ ಚಿತ್ರಕ್ಕಾಗಿ ನಾವಿಬ್ಬರೂ ಕಿತ್ತಾಡಿದ್ದೆವು. ಮುಂದಿನ ಸಾಲುಗಳಿಗೆ ಕಾರ್ಡು ಇರಲಿಲ್ಲ, ಹಾಗಾಗಿ ಯಾರೂ ಕಲಿಯಲಿಲ್ಲ. ಆ ಮೊದಲ ಸಾಲನ್ನೇ ಹಿಡಿದುಕೊಂಡು ನಾನು ಇಷ್ಟು ವರ್ಷ ಬದುಕಿದೆ. ನನ್ನ ಒಲೆಗೆ ವಿಶ್ರಾಂತಿ ಕೊಟ್ಟೆ, ಅವನ ಎತ್ತಿನಿಂದ ಅದನ್ನು ಕಿತ್ತುಕೊಂಡೆ.

ನೀನೂ ಅದೇ ಕಾರ್ಡು ತೆಗೆದುಕೊಂಡವನು. ನನಗೆ ದೇವರ ದಿನ ಎಂದು ಬರೆದೆ, ಎತ್ತಿನ ಮಾತು ಬರೆಯಲಿಲ್ಲ. ಸೋಮವಾರ ಗಾಡಿ ಕಟ್ಟಿಸಿದೆ ಎಂದು ಜಂಬದಿಂದ ನಾನು ಬರೆದಾಗಲೂ ಸುಮ್ಮನಿದ್ದೆ. ಅದು ಯಾಕೆ ಎಂದು ನನಗೆ ತಿಳಿಯಬೇಕು.

ಬಾ. ಪುರುಸೊತ್ತಿಲ್ಲ ಎಂದು ಗೊತ್ತು. ಆದರೂ ಬಾ.

ಅಕ್ಕ

*

ಕೊಪ್ಪ
೧೫ ಜನವರಿ ೧೯೭೪, ಮಂಗಳವಾರ

ಪ್ರೀತಿಯ ಸುಗುಣ,

ನಿನ್ನ ಗಂಡ ನಿನ್ನೆ ಯಾಕೆ ಬರಲಿಲ್ಲ ಎಂದು ಗಾಬರಿಯಾಗಿದ್ದೀಯೇನೋ. ಗಾಬರಿ ಬೇಡ. ಮಲಗಿದ್ದ. ಈಗ ಬೆಳಗಿನ ಬಸ್ಸಿಗೆ ಹತ್ತಿಸಿ ಬಂದು ಕೂತಿದ್ದೇನೆ. ಈ ಕಾಗದ ಅವನ ಹಿಂದೆಯೇ ಬರುತ್ತದೆ. ಅವನು ನಿನಗೆ ಪೂರ್ತಿ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ಬಸ್ಸಿನಿಂದ ಇಳಿದವನನ್ನು ನೋಡಿ ಮೊದಲು ಗುರುತೇ ಹತ್ತಲಿಲ್ಲ. ಕತ್ತಿನ ಮೂಳೆ ಕಾಣುತ್ತಿತ್ತು. ಬೆಳಗಿನ ಆರಾಧನೆ ಮುಗಿಸಿ, ಉಳಿದ ಎರಡು ಊರುಗಳದ್ದನ್ನು ಹಿರಿಯರಿಗೆ ಒಪ್ಪಿಸಿ ಬಂದನಂತೆ. ನನ್ನ ಹತ್ತಿರ ಏನೂ ಮಾತಾಡದೆ ಸೀದಾ ಎತ್ತಿನ ಹತ್ತಿರ ಹೋಗಿ ಹುಲ್ಲಿನ ಮೇಲೆ ಕೂತ. ಅಂದು ಕೂಲಿ ಇಲ್ಲದ ದಿನ, ಆದರೂ ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಒಲೆಗೆ ಹಾಕುವ ಚೌಡಯ್ಯ, ಗಾಣದವರು, ಎಲ್ಲರೂ ಮಗ್ಗುಲು ಬದಲಿಸಲು ಬಂದಿದ್ದರು. ಒಲೆ ಆರಿದ್ದರೂ ಗೋಡೆ ಬೆಚ್ಚಗಿತ್ತು. ಎಲ್ಲ ಕಡೆ ಸದ್ದಡಗಿ ನಾಲೆಯ ನೀರು ಕೇಳುತ್ತಿತ್ತು.

"ಜವರಯ್ಯನಿಗೆ ಆ ಎತ್ತಿನ ಆಜ್ಞೆಯನ್ನು ಓದಿ ಹೇಳು" ಎಂದೆ. ಜಯ ಚೀಲದಿಂದ ಬೈಬಲ್ ತೆಗೆದು ಓದಿದ. ಎತ್ತು ಎಂಬಲ್ಲಿಗೆ ಬಂದಾಗ ಜವರಯ್ಯ ಕೈ ಅಡ್ಡ ಹಿಡಿದ.

"ತಡೀರಿ ಅಯ್ನೋರೆ. ನಿಮ್ ದ್ಯಾವ್ರು ಎತ್ತಿನ್ ಮಾತ ಆಡವ್ನಾ?"

"ಆಡಿದ್ದಾನೆ ಜವರಯ್ಯ."

"ಅವನ್ ಬಾಯ್ನಾಗೇನಾ?"

"ಅವನ ಬಾಯಲ್ಲೇ."

"ಇನ್ನೊಂದ್ ಸಲ ಓದಿ."

ಜಯ ಮತ್ತೆ ಓದಿದ. ಎತ್ತು, ಕತ್ತೆ, ಮನೆಯ ಬೇರೆ ಪ್ರಾಣಿಗಳು, ದೂರದಿಂದ ಬಂದು ನಿನ್ನ ಬಾಗಿಲಲ್ಲಿ ಉಳಿದವನು. ಜವರಯ್ಯ ಬಾಯಿ ತೆರೆದುಕೊಂಡು ಕೇಳಿದ. "ಕತ್ತೇನೂ ಬುಟ್ಟಿಲ್ವಾ?" ಎಂದ. ಕೆಂದನ ಕಿವಿಗೆ ಬಾಯಿಟ್ಟು, "ಕೇಳುಸ್ಕೊಂಡ್ಯಾ ಮಗ, ನಿನ್ ಎಸ್ರು ಮೇಲ್ಗಂಟ ಓಗದೆ" ಎಂದ. ಚೌಡಯ್ಯ ನಗುತ್ತಲೇ ಕಣ್ಣೊರೆಸಿಕೊಂಡ. ಸುಗುಣ, ಹುಟ್ಟಿದಾಗಿನಿಂದ ನಾನು ವಾಕ್ಯ ಕೇಳುತ್ತಾ ಬಂದವಳು. ಮೊದಲ ಸಲ ಕೇಳುವವನ ಮುಖ ಹೇಗಿರುತ್ತದೆ ಎಂದು ಅಂದು ನೋಡಿದೆ. ಆ ಮುಖವನ್ನು ನೋಡಿ ನನಗೂ ಅದು ಮೊದಲ ಸಲ ಕೇಳಿದಂತಾಯಿತು.

ಆಮೇಲೆ ಜವರಯ್ಯ ನಿನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದ. ಅವನ ಮನಸ್ಸಿನಲ್ಲಿ ಕೊಂಕು ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ.

"ಅಲ್ಲ ಅಯ್ನೋರೆ, ಅಮ್ಮಾರ್ಗೆ ಬಾನ್ವಾರ. ಎತ್ಗೆ ಸ್ವಾಮಾರ. ಬಾನ್ವಾರ ನೀವು ಊರೂರು ತಿರುಗಿ ಪೂಜೆ ಮಾಡುಸ್ತೀರಂತೆ. ಅಂಗಾರೆ ನಿಮ್ದು ಯಾವ್ ದಿನ?"

ಜಯ ಬೆರಳು ಮಡಿಸಿ ಎಣಿಸತೊಡಗಿದ.  ಮಂಗಳವಾರ ಶಾಲೆ ಎಂದ, ಬುಧವಾರ ಮನೆಭೇಟಿ ಎಂದ, ಅಲ್ಲಿಗೆ ನಿಲ್ಲಿಸಿದ.  ಒಲೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದು ನಾವೆಲ್ಲ ತಲೆ ತಗ್ಗಿಸಿದೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು.

ಊಟಕ್ಕೆ ಎಬ್ಬಿಸಲು ಹೋದೆ. ಜವರಯ್ಯ ತಡೆದ. "ಬುಡಿ ಅಮ್ಮಾರೆ, ಎಲ್ಡು ಜೀವ ಒಟ್ಗೆ ಮಲಗವೆ" ಎಂದ. ಕಂಬಳಿ ಹೊದಿಸಿ ಬಂದೆ.

ಸೋಮವಾರ ಸಂಕ್ರಾಂತಿ. ಬೆಳಗಾಗುವ ಹೊತ್ತಿಗೆ ಕಾಫಿ ಹಿಡಿದು ಹೋದೆ. ಗದ್ದೆಯ ಮೇಲೆಲ್ಲ ಮಂಜು. ಜವರಯ್ಯ ಎದ್ದು ನಿಂತಿದ್ದ, ನನ್ನನ್ನು ಕಂಡು ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ. ಕೆಂದ ಮುಂಗಾಲು ಮಡಿಸಿ ಹಿಂಭಾಗ ಎತ್ತಲು ನೋಡುತ್ತಿತ್ತು. ಎತ್ತಿತು, ನಡುಗಿತು, ಕುಸಿಯಿತು. ಮತ್ತೆ ಎತ್ತಿತು. ಈ ಸಲ ಹಿಂಗಾಲು ನಿಂತಿತು. ಮುಂದೆ ಮಾತ್ರ ಮಂಡಿಯೂರಿಕೊಂಡೇ ಇತ್ತು. ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳಲು ನಾವು ಮಂಡಿಯೂರುತ್ತೇವಲ್ಲ, ಹಾಗೆ ಬಹಳ ಹೊತ್ತು ಇತ್ತು.  ಆಮೇಲೆ ಒಂದು ಕಾಲು ಊರಿತು, ಇನ್ನೊಂದು ಊರಿತು, ನಿಂತುಕೊಂಡಿತು. ಅದರ ಮೈಯಿಂದ ಹಬೆ ಏಳುತ್ತಿತ್ತು. ಕಾಲ ಬುಡದಲ್ಲಿ ಜಯ ಮಲಗಿದ್ದ. ಕೆಂದ ತಲೆ ತಗ್ಗಿಸಿ ಅವನನ್ನು ಮೂಸಿತು, ಅದರ ಉಸಿರಿಗೆ ಅವನ ಕೂದಲು ಅಲ್ಲಾಡಿತು. ಅವನಿಗೆ ಎಚ್ಚರವಾಗಲಿಲ್ಲ.

ವಿಶ್ರಾಂತಿ ಸಿಕ್ಕರೆ ಏಳಬಹುದು ಎಂದು ಡಾಕ್ಟರೂ ಹೇಳಿದ್ದರು, ನಿಜ. ಆದರೂ ಕಣ್ಣಾರೆ ಕಂಡಾಗ ಕಾಫಿಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಜವರಯ್ಯ ಕೈಮುಗಿದ. ನಾನೂ ಕೈ ಜೋಡಿಸಿದೆ. ದೇವರು ಇಷ್ಟು ಹತ್ತಿರ ಇದ್ದುದನ್ನು ನಾನು ಆರಾಧನೆಯಲ್ಲೂ ಅರಿತಿರಲಿಲ್ಲ. ಹೆದರಿಕೆಯೂ ಆಯಿತು, ಸಂತೋಷವೂ ಆಯಿತು.

"ಸ್ವಾಮಾರ ಅಲ್ವಾ ಅಮ್ಮಾರೆ, ತನ್ ದಿನ ಅಂತ ಎದ್ದವ್ನೆ" ಎಂದ ಜವರಯ್ಯ.

ಜಯನಿಗೆ ಎಚ್ಚರವಾದಾಗ ಬಿಸಿಲು ಏರಿತ್ತು. ಕೆಂದ ಕಬ್ಬಿನ ಸೋಗೆ ಮೇಯುತ್ತಿತ್ತು. ನೋಡಿದ, ನೋಡುತ್ತಲೇ ಇದ್ದ.

"ಯಾವಾಗ ಎದ್ದಿತು?"

"ನೀನು ಮಲಗಿದ್ದಾಗ."

ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ನಾನು ಹೊಸದಾಗಿ ಕಾಫಿ ಮಾಡಿಕೊಂಡು ಬಂದೆ. ಲೋಟ ಪೂರ್ತಿ ಕುಡಿದ ಸುಗುಣ, ಇನ್ನೊಂದು ಕೇಳಿದ. ಕುಡಿದು ಮತ್ತೆ ಮಲಗಿದ.

ಸಂಜೆ ಊರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸಿದರು. ಕೆಂದನ ಜೋಡಿ ಚಿನ್ನ ಒಂದೇ ಹಾಯಿತು. ಕೆಂದನಿಗೆ ಅರಿಶಿನ ಮಾತ್ರ ಹಚ್ಚಿ ಬಿಟ್ಟಿದ್ದರು. ನನ್ನ ಒಲೆಗೆ ನಿನ್ನೆಯೂ ಬೆಂಕಿ ಹಾಕಲಿಲ್ಲ. ಆಲೆಮನೆ ಹೋದರೆ ಹೋಗಲಿ, ಇನ್ನು ಸೋಮವಾರ ನೊಗ ಏರುವುದಿಲ್ಲ ಎಂದು ಜವರಯ್ಯನಿಗೆ ಹೇಳಿದ್ದೇನೆ.

ನಿನ್ನ ಗಂಡನನ್ನು ಏನೂ ಕೇಳಬೇಡ. ಅನ್ನ ಹಾಕು, ಸುಮ್ಮನಿರು.

ಕರುಣಕ್ಕ

*

ಕೊಪ್ಪ
೨೬ ಮಾರ್ಚ್ ೧೯೭೪, ಮಂಗಳವಾರ

ಜಯ,

ಎರಡು ತಿಂಗಳಾಯಿತು. ಒಂದು ಕಾರ್ಡೂ ಇಲ್ಲ. ನೀನು ಸುಮ್ಮನಿರುವುದನ್ನು ಕಲಿತೆಯೋ, ನನ್ನ ಮೇಲೆ ಮುನಿಸೋ ತಿಳಿಯದು. ಸುಗುಣಳೂ ಬರೆದಿಲ್ಲ.

ಇಲ್ಲಿನ ಸುದ್ದಿ ಹೇಳುತ್ತೇನೆ. ಭಾನುವಾರ ಎಲ್ಲಕ್ಕೂ ರಜೆ. ಸೋಮವಾರ ಎತ್ತಿಗೆ ರಜೆ, ನಾವು ಕೊಪ್ಪರಿಗೆ ಉಜ್ಜುತ್ತೇವೆ, ರಚ್ಚು ಒಣಗಿಸುತ್ತೇವೆ, ಬೆಲ್ಲದ ಅಚ್ಚುಗಳನ್ನು ತೊಳೆಯುತ್ತೇವೆ. ಮಂಗಳವಾರ ಬೆಂಕಿ. ಇದರಿಂದ ಮುಳುಗಿಹೋಗುತ್ತೇನೆ ಎಂದು ಅಂದುಕೊಂಡಿದ್ದೆ. ಆದರೆ ಎತ್ತಿನ ಹೆಸರಿರುವ ಆಜ್ಞೆಯ ಕಥೆಯನ್ನು ಜವರಯ್ಯ ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲಿ ಕೂತರೆ ಅಲ್ಲಿ ಹೇಳಿದ್ದಾನೆ. ಹೇಳುತ್ತಾ ಹೇಳುತ್ತಾ ಅದರಲ್ಲಿ ಕೋಳಿ, ನಾಯಿಯೂ ಸೇರಿಕೊಂಡಿವೆ. ಸೋಮವಾರ ಗಾಡಿ ಕಟ್ಟಿ ಒಳಗೊಳಗೇ ಅಳುಕುತ್ತಿದ್ದ ಕೆಲವರು ಈಗ ಕಬ್ಬನ್ನು ನನ್ನ ಕಡೆಗೇ ತರುತ್ತಿದ್ದಾರೆ. ಬೇರೆ ಆಲೆಮನೆಗಳಷ್ಟು ಬೆಲ್ಲ ಆಗುವುದಿಲ್ಲ. ನನಗೆ ಸಾಕಾಗುವಷ್ಟು ಆಗುತ್ತದೆ. ಚಲುವರಾಜು ಮತ್ತೆ ಬಂದಿದ್ದ, ಬಿಸಿ ಬೆಲ್ಲ ತಿನ್ನಿಸಿ ಕಳಿಸಿದೆ. ಈ ಸಲ ಕೊಪ್ಪರಿಗೆಯನ್ನು ತಟ್ಟಲಿಲ್ಲ.

ಈಗ ಭಾನುವಾರ ನಿನ್ನ ಭಾವ ಕೂರುತ್ತಿದ್ದ ಜಾಗದಲ್ಲಿ ನಾನು ಕೂರುತ್ತೇನೆ. ನೀರಿನ ಸದ್ದು ಹಾಗೇ ಇದೆ. ಅವರು ತೀರಿಕೊಂಡ ಮೇಲೆ ಅತ್ತಿರಲಿಲ್ಲ ನಾನು, ಪುರುಸೊತ್ತಿರಲಿಲ್ಲ. ಹೋದ ಭಾನುವಾರ ಕೂತು ಚೆನ್ನಾಗಿ ಅತ್ತೆ. ಮನಸ್ಸು ಹಗುರವಾಯಿತು.

ಕೆಂದ ಸ್ವಲ್ಪ ಕುಂಟುತ್ತದೆ, ಹಗುರದ ಗಾಡಿ ಎಳೆಯುತ್ತದೆ. ಜವರಯ್ಯ ನಿನ್ನನ್ನು ಕೇಳುತ್ತಿರುತ್ತಾನೆ. "ಅಯ್ನೋರು ತಮ್ ದಿನ ಯಾವ್ದು ಅಂತ ಇನ್ನೂ ಹೇಳ್ಳಿಲ್ವಲ್ಲ ಅಮ್ಮಾರೆ" ಎನ್ನುತ್ತಾನೆ. ನಾನು ಏನು ಹೇಳಲಿ?

ಅಕ್ಕ

*

ಮಳವಳ್ಳಿ
೨೨ ಏಪ್ರಿಲ್ ೧೯೭೪, ಸೋಮವಾರ

ಅಕ್ಕ,

ಮುನಿಸಲ್ಲ. ನಾಚಿಕೆ. ನಿನ್ನ ಕಾಗದಕ್ಕೆ ಎಷ್ಟೋ ಸಲ ಉತ್ತರ ಶುರುಮಾಡಿದೆ. ಪ್ರತಿ ಸಲವೂ ಅದು ಪ್ರಸಂಗವಾಗಿಬಿಡುತ್ತಿತ್ತು, ಹರಿದು ಹಾಕಿದೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಎತ್ತಿನ ಸಾಲು ನನಗೆ ಗೊತ್ತಿತ್ತು. ನೀನು ಸೋಮವಾರ ಗಾಡಿ ಕಟ್ಟಿಸಿದೆ ಎಂದು ಬರೆದಾಗ ಎದೆಗೆ ಚುಚ್ಚಿತು ಕೂಡ. ಆದರೆ ಅದನ್ನು ನಿನಗೆ ಬರೆಯಬೇಕಾದರೆ ನಾನೂ ಓದಿಕೊಳ್ಳಬೇಕಾಗಿತ್ತು. ಎತ್ತಿಗೂ ಕೊಟ್ಟ ದಿನವನ್ನು ನಾನು ನನಗೆ ಕೊಟ್ಟುಕೊಂಡಿರಲಿಲ್ಲ. ಅದಕ್ಕೇ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆ ತಿರುಗಾಟಕ್ಕೆ ಕೆಂದ ಬೆಲೆ ಕೊಟ್ಟಿತು.

ನಾನು ಯಾಕೆ ನಿಲ್ಲುತ್ತಿರಲಿಲ್ಲ ಗೊತ್ತೇ? ನಿಂತರೆ ದೇವರ ಕೆಲಸ ನಿಂತುಹೋಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಒಳಗಿದ್ದ ಭಯ ಬೇರೆಯೇ. ನಾನು ನಿಂತರೂ ಅದು ನಡೆದುಬಿಟ್ಟರೆ ನಾನು ಯಾತಕ್ಕೆ ಬೇಕು ಎಂಬ ಭಯ. ಅಂದು ಬೆಳಿಗ್ಗೆ ನಿನ್ನ ಅಂಗಳದಲ್ಲಿ ಕಣ್ಣು ಬಿಟ್ಟಾಗ ಆಕಾಶದಷ್ಟು ಎತ್ತರಕ್ಕೆ ಕೆಂದ ನಿಂತಿತ್ತು. ನಾನು ಒಂದು ಮಾತೂ ಪ್ರಾರ್ಥಿಸಿರಲಿಲ್ಲ, ಒಂದು ಕೈಯೂ ಹಾಕಿರಲಿಲ್ಲ. ಗೊರಕೆ ಹೊಡೆಯುತ್ತಿದ್ದೆ. ನಾನು ಮಲಗಿದ್ದಾಗ ದೇವರು ಎದ್ದಿದ್ದ ಅಕ್ಕ.  ಅಷ್ಟು ದೊಡ್ಡವನನ್ನು ನಾನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಊರೂರಿಗೆ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ.

ಪುನರುತ್ಥಾನದ ಹಬ್ಬ ಮುಗಿದ ಮೇಲೆ ಸಭೆಯ ಹಿರಿಯರಿಗೆ ಹೇಳಿದೆ. ವಾರದಲ್ಲಿ ಒಂದು ದಿನ ನಾನು ಪಾದ್ರಿಯಲ್ಲ, ಸಾವು ನೋವು ಬಿಟ್ಟು ಬೇರೆ ಯಾವುದಕ್ಕೂ ಕರೆಯಬೇಡಿ ಎಂದೆ. ಯಾವ ದಿನ ಎಂದರು. ಸೋಮವಾರ ಎಂದೆ. ಅದು ಹಿಂದೂಗಳ ಎತ್ತಿನ ದಿನವಲ್ಲವೇ ಎಂದು ಒಬ್ಬರು ಹುಬ್ಬೇರಿಸಿದರು. ಹೌದು, ನಾನೂ ಕರ್ತನ ನೊಗ ಹೊತ್ತ ಎತ್ತೇ ಎಂದೆ. ಅವರು ನಕ್ಕು ಒಪ್ಪಿಕೊಂಡರು.

ಹೋದ ಸೋಮವಾರ ಮೊದಲನೆಯದು. ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಹತ್ತು ಸಲ ತಿರುಗಾಡಿದೆ. ಸುಗುಣ ಕೈಗೆ ಹುರುಳಿಕಾಯಿ ಕೊಟ್ಟು ಕೂರಿಸಿದಳು. ಬಿಡಿಸುತ್ತಾ ಕೂತಾಗ ಅವಳು ಎಷ್ಟೊಂದು ಮಾತಾಡುತ್ತಾಳೆ ಎಂದು ತಿಳಿಯಿತು. ಇಷ್ಟು ದಿನ ಯಾರ ಹತ್ತಿರ ಆಡುತ್ತಿದ್ದಳೋ.

ಇಂದು ಎರಡನೆಯದು. ಊಟ ಮಾಡಿ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಬರೆಯುತ್ತಿದ್ದೇನೆ. ಗಾಳಿ ತಂಪಾಗಿದೆ. ಯಾವ ಬಸ್ಸೂ ಬರುವುದಿಲ್ಲ, ಬಂದರೂ ನನ್ನದಲ್ಲ. ಜವರಯ್ಯನಿಗೆ ಹೇಳು, ನನ್ನ ದಿನ ಯಾವುದೆಂದು ಕೇಳಿದ್ದೆಯಲ್ಲ, ಕೆಂದನ ದಿನವೇ ನನ್ನದೂ. ಅವನಿಗೆ ಇನ್ನೂ ಒಂದು ಮಾತು ಹೇಳಬೇಕು, ಅದೇನೆಂದರೆ

ಅಕ್ಕ, ಇಷ್ಟು ಬರೆಯುವಷ್ಟರಲ್ಲಿ ಇವರಿಗೆ ನಿದ್ದೆ ಬಂದುಬಿಟ್ಟಿದೆ. ಪೆನ್ನು ಇವರ ಕೈಯಲ್ಲೇ ಇದೆ, ನಾನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಎಬ್ಬಿಸಿ ಆ ಮಾತು ಏನೆಂದು ಕೇಳಿ ಬರೆಯೋಣ ಎಂದುಕೊಂಡೆ. ಎಬ್ಬಿಸಲಿಲ್ಲ. ಇವತ್ತು ಸೋಮವಾರ.

ಸುಗುಣ